ಮಗ್ಗದ ನೆರಳು

ಉಳಿಯ ತುದಿಗೆ ಮರದ ಚೂರೊಂದು ಎದ್ದು ಬಂದಾಗಲೇ ಸಿಂಚನಳ ಕೈ ನಿಂತದ್ದು. ಅವಳು ಪೆನ್ಸಿಲ್ ಗೆರೆ ದಾಟಿ ಬಹಳ ದೂರ ಬಂದುಬಿಟ್ಟಿದ್ದಳು.

ಹಲಗೆಯ ಮೇಲಿದ್ದದ್ದು ಅವಳ ಗೆಳತಿ ಧನುಶ್ರೀಯ ಮನೆಯ ಮಗ್ಗದ ಚಿತ್ರ. ಮುಂದೆ ನಿಂತವಳು ಧನುಶ್ರೀಯ ಅಮ್ಮ. ಒಂದು ಕಡೆ ಕಿಟಕಿ, ಇನ್ನೊಂದು ಕಡೆ ನೆಲದ ಮೇಲೆ ಉದ್ದನೆಯ ನೆರಳು. ಚಿತ್ರ ಬರೆದವಳು ಧನುಶ್ರೀ, ಕೆತ್ತುವ ಕೆಲಸ ಇಬ್ಬರದೂ. ಅಚ್ಚು ಒತ್ತಿದಾಗ ಕೆತ್ತಿದ ಜಾಗ ಕಾಗದದ ಮೇಲೆ ಬಿಳಿಯಾಗಿ ಉಳಿಯುತ್ತದೆ. ಕೆತ್ತದೆ ಬಿಟ್ಟ ಜಾಗಕ್ಕೆ ಇಂಕ್ ಹತ್ತಿ ಕಪ್ಪಾಗುತ್ತದೆ. ಧನುಶ್ರೀಗೆ ಎರಡು ದಿನದಿಂದ ಜ್ವರ. ನೆರಳನ್ನು ಮಾತ್ರ ಮುಟ್ಟಬೇಡ ಎಂದು ಅವಳು ಹೇಳಿ ಹೋಗಿದ್ದಳು. ಬೆಳಕು ಇನ್ನಷ್ಟಿದ್ದರೆ ಚೆಂದ ಎಂದು ಕೆತ್ತುತ್ತಾ ಹೋದ ಸಿಂಚನ ಆ ನೆರಳನ್ನೇ ತೆಗೆದುಹಾಕಿದ್ದಳು.

ನಾಳೆ ಮಧ್ಯಾಹ್ನ ದೊಡ್ಡಬಳ್ಳಾಪುರದಲ್ಲಿ ಶಾಲೆಗಳ ಚಿತ್ರ ಪ್ರದರ್ಶನ. ಧನುಶ್ರೀಯ ಅಮ್ಮ ಮಗ್ಗ ನಿಲ್ಲಿಸಿ ನೋಡಲು ಬರುತ್ತಾರಂತೆ. ಡ್ರಾಯಿಂಗ್ ಮೇಷ್ಟ್ರು ಕಾಂತರಾಜು ಅವರ ಬಳಿ ಬೇರೆ ಹಲಗೆ ಇರಲಿಲ್ಲ.

ಊಟದ ಬೆಲ್ ಆದ ಮೇಲೆ ಧನುಶ್ರೀ ಬಂದಳು. ಜ್ವರ ಬಿಟ್ಟಿತ್ತು, ಮುಖ ಬಾಡಿತ್ತು.

"ಇದೇನಾಯ್ತೇ?"

"ಮರಾನೇ ಕಿತ್ಕೊಂಡು ಬಂತು ಕಣೇ."

ಧನುಶ್ರೀ ಅಲ್ಲಿ ಬೆರಳಾಡಿಸಿದಳು. ಉಳಿಯ ಗುರುತುಗಳು ಸಾಲುಸಾಲಾಗಿ ಬೆರಳಿಗೆ ತಾಗಿದವು. ಬೈದಿದ್ದರೆ ಎಷ್ಟೋ ವಾಸಿಯಿತ್ತು ಅನ್ನಿಸಿತು ಸಿಂಚನಳಿಗೆ.

"ಸುಳ್ಳು ಹೇಳ್ದೆ ಧನು. ನಾನೇ ಕೆತ್ಬಿಟ್ಟೆ."

"ನೆರಳಿಲ್ದೆ ಅಮ್ಮ ಗಾಳೀಲಿ ನಿಂತಂಗಿದ್ದಾಳೆ," ಎಂದು ಧನುಶ್ರೀ ಉಳಿಯನ್ನು ತನ್ನ ಬ್ಯಾಗಿಗೆ ಹಾಕಿಕೊಂಡಳು.

ಶಾಲೆ ಬಿಟ್ಟಾಗ ಸಿಂಚನ ಹಲಗೆ ಹೊತ್ತು ಅವಳ ಹಿಂದೆಯೇ ನಡೆದಳು. ಬರಬೇಡ ಎಂದು ಧನುಶ್ರೀ ಅನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಬೀದಿಯ ತುಂಬ ಮಗ್ಗಗಳ ಲಟಪಟ ಸದ್ದು.

ಧನುಶ್ರೀ ಮನೆಯ ಬಾಗಿಲಲ್ಲೇ ಸಿಂಚನ ನಿಂತುಬಿಟ್ಟಳು. ಸಂಜೆಯ ಬಿಸಿಲು ಬಾಗಿಲಿಂದ ಒಳಗೆ ಬಿದ್ದಿತ್ತು. ಮಗ್ಗದ ಮುಂದೆ ನಿಂತಿದ್ದ ಧನುಶ್ರೀಯ ಅಮ್ಮನ ನೆರಳೂ ಮಗ್ಗದ ನೆರಳೂ ಕಿಟಕಿಯ ಕಡೆಗೆ ಚಾಚಿದ್ದವು.

"ಧನು, ಹಲಗೇಲಿ ಕಿಟಕಿ ಕಡೆ ಇನ್ನೂ ಕೆತ್ತಿಲ್ಲ," ಎಂದಳು ಮೆಲ್ಲಗೆ.

ಧನುಶ್ರೀ ನೆಲ ನೋಡಿದಳು, ಹಲಗೆ ನೋಡಿದಳು. ಜಗಲಿಯ ಮೇಲೆ ಕೂತು ಪೆನ್ಸಿಲ್ಲಿನ ಕಿಟಕಿಯನ್ನು ಅಳಿಸಿ, ಸಿಂಚನ ಕೆತ್ತಿದ್ದ ಕಡೆಯ ಗೋಡೆಯಲ್ಲಿ ಬಾಗಿಲು ಬರೆದಳು. ನೆರಳು ಕಿಟಕಿಯಿದ್ದ ಕಡೆಗೆ ಬಂತು. ಬೆಳಗಿನ ಚಿತ್ರ ಸಂಜೆಯದಾಯಿತು. ಅವಳು ಕೆತ್ತುತ್ತಾ ಹೋದಳು. ಹಲಗೆ ಅಲುಗದಂತೆ ಸಿಂಚನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಉಳಿ ಕೊಡು ಎಂದು ಕೇಳಲಿಲ್ಲ.

ಹೊತ್ತು ಮುಳುಗುವ ಮುಂಚೆ ಧನುಶ್ರೀ ಕೈ ಕೊಡವಿ ಉಳಿಯನ್ನು ಸಿಂಚನಳ ಕಡೆ ಚಾಚಿದಳು. "ಸೀರೆ ನೆರಿಗೆ ನೀನ್ ಮಾಡು."

ಸಿಂಚನ ಸಣ್ಣ ಸಣ್ಣ ಗೆರೆ ಎಳೆದಳು. ನೆರಿಗೆಗಳ ಮೇಲೆ ಬಿಸಿಲು ಬಿದ್ದಂತಾಯಿತು. ಅಮ್ಮನ ಬೆನ್ನಿನ ಹತ್ತಿರ ಬಂದಾಗ ಕೈ ತಡೆದು ಕೇಳಿದಳು.

"ಇಲ್ಲಿ?"

"ಅದು ಕಪ್ಪಗೇ ಇರ್ಲಿ."

ಸಿಂಚನ ಅಲ್ಲೊಂದು ಗಳಿಗೆ ನೋಡಿದಳು. ಆಮೇಲೆ ಉಳಿಯನ್ನು ಕೆಳಗಿಟ್ಟು, ಮರದ ಪುಡಿಯನ್ನು ಉಫ್ ಎಂದು ಊದಿದಳು.