ಬೇಲಿಯಾಚೆಯ ಹದಿನೈದು ಅಂಕ

ಗಂಡುಮಗನ ಜೊತೆ ಇರುವ ತಾಯಿಗೆ ಹದಿನೈದು ಅಂಕ, ಹೆಣ್ಣುಮಗಳ ಜೊತೆ ಇರುವ ತಾಯಿಗೆ ಸೊನ್ನೆ. ಗಾಜಿನ ಕಾರ್ಖಾನೆಯಲ್ಲಿ ಅಂಕ ನೋಡಿ ನೌಕರರಿಗೆ ಮನೆ ಹಂಚುವ ಸಮಿತಿ ಹೀಗೊಂದು ನಿಯಮ ಮಾಡಿದಾಗ ಕಚೇರಿಯ ಗುಮಾಸ್ತೆಗೆ ಮೈಯೆಲ್ಲ ಉರಿದುಹೋಯಿತು. ನೆಲಮಹಡಿಯ ಮನೆಯೊಂದು ಆಗಷ್ಟೇ ಖಾಲಿಯಾಗಿತ್ತು. ಅವಳ ಅಮ್ಮ ಮೂರನೆಯ ಮಹಡಿಯಲ್ಲಿ ಮಂಡಿ ಹಿಡಿದುಕೊಂಡು ಕೂತಿದ್ದಳು. ಆಸ್ಪತ್ರೆಗೆ ಬಿಟ್ಟರೆ ಇನ್ಯಾವುದಕ್ಕೂ ಮೆಟ್ಟಿಲು ಇಳಿದವಳಲ್ಲ.

"ನನಗೇನೇ ಕಮ್ಮಿ, ಕಿಟಕಿ ಇದೆಯಲ್ಲ," ಎನ್ನುತ್ತಿದ್ದಳು ಅಮ್ಮ. ಸಮಿತಿಯ ಅಧ್ಯಕ್ಷರನ್ನು ಒಂದು ವಾರ ಆ ಕಿಟಕಿಯ ಪಕ್ಕ ಕೂರಿಸಬೇಕು ಅನ್ನಿಸುತ್ತಿತ್ತು ಮಗಳಿಗೆ.

ಅಧ್ಯಕ್ಷರ ಹತ್ತಿರ ಹೋಗಿ ಕೇಳಿಯೂ ಆಗಿತ್ತು. "ನಿಯಮ ಅಂದ್ರೆ ನಿಯಮ ಕಣಮ್ಮ. ನಿಮ್ಮಮ್ಮನ್ನ ನೋಡ್ಕೊಳ್ಳೋಕೆ ನಿಮ್ಮಣ್ಣ ಇಲ್ವಾ?" ಅಣ್ಣ ಇದ್ದ. ಇದ್ದೂ ಇಲ್ಲದವನಂತಿದ್ದ. ಅದಕ್ಕೆ ಅಂಕದ ಪಟ್ಟಿಯಲ್ಲಿ ಕಾಲಂ ಇರಲಿಲ್ಲ.

ಕಾಲಂ ತಾನೇ? ಮಾಡಿದರಾಯಿತು. ಅಂಕದ ಶೀಟನ್ನು ಕಂಪ್ಯೂಟರಿನಲ್ಲಿ ಕಟ್ಟಿದವಳು ಅವಳೇ. ಕಚೇರಿಯ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವವಳೂ ಅವಳೇ. ಹೀಗೆ ಮಾಡಿ, ಹಾಗೆ ಮಾಡಬೇಡಿ ಎಂಬ ಅವಳ ಕೈಬರಹದ ಚೀಟಿ ಅಂಟದ ಜಾಗ ಅಲ್ಲಿರಲಿಲ್ಲ. ಬಲಕ್ಕೆ ಬಹುದೂರ, ಖಾಲಿ ಕಾಲಂಗಳನ್ನೆಲ್ಲ ದಾಟಿ, ತನ್ನ ಹೆಸರಿನ ಸಾಲಿನಲ್ಲಿ ಹದಿನೈದು ಎಂದು ಬರೆದಳು. ಒಟ್ಟು ಅಂಕದ ಲೆಕ್ಕಕ್ಕೆ ಅದನ್ನು ಸದ್ದಿಲ್ಲದೆ ಸೇರಿಸಿದಳು. ಕಂಪ್ಯೂಟರ್ ಕೂಡಿಸಿದ್ದನ್ನು ಮತ್ತೆ ಕೂಡಿಸಿ ನೋಡುವ ಪುಣ್ಯಾತ್ಮ ಯಾರಿದ್ದಾನೆ?

ಆದರೂ ಅಧ್ಯಕ್ಷರಿಗೆ ಕಚೇರಿಯವರು ಇಟ್ಟ ಹೆಸರು ಭೂತಗನ್ನಡಿ. ಕಾಲಂ ಮರೆಮಾಡಿದರೆ ಮೇಲಿನ ಎ, ಬಿ, ಸಿ ಅಕ್ಷರಗಳ ಸಾಲಿನಲ್ಲಿ ಒಂದು ಹಾರಿದ್ದು ಅವರ ಕಣ್ಣಿಗೆ ಬಿದ್ದೇ ಬೀಳುತ್ತಿತ್ತು. ಸಾಲದ್ದಕ್ಕೆ, "ಕೊನೆ ಕಾಣದೆ ನಾನು ಸಹಿ ಹಾಕಲ್ಲ" ಎಂದು ಶೀಟನ್ನು ಬಲಕ್ಕೆ ಎಳೆದು ಎಳೆದು ನೋಡುವ ಚಾಳಿ ಬೇರೆ. ಹಾಗಾಗಿ ಅವಳು ಶೀಟಿಗೇ ಬೇಲಿ ಹಾಕಿದಳು. ಒಟ್ಟು ಅಂಕದ ಕಾಲಂ ದಾಟಿ ಎಷ್ಟೇ ಎಳೆದರೂ ಅದು ಸರಿಯುವುದಿಲ್ಲ. ತೊಂದರೆ ಒಂದೇ: ಈ ಬೇಲಿ ಫೈಲಿನ ಜೊತೆ ಸೇವ್ ಆಗುವುದಿಲ್ಲ, ಮುಚ್ಚಿ ತೆರೆದರೆ ಮತ್ತೆ ಬಯಲು. ಅದಕ್ಕೂ ಮದ್ದಿತ್ತು. ಫೈಲು ತೆರೆದೊಡನೆ ತಾನಾಗಿ ಓಡಿ ಬೇಲಿಯನ್ನು ಪುನಃ ಹಾಕುವ ಪುಟ್ಟ ಮ್ಯಾಕ್ರೋ ಬರೆದಳು. ಕಂಪ್ಯೂಟರಿಗೆ ಮೊದಲೇ ಹೇಳಿಟ್ಟ ಕೆಲಸ ಅಷ್ಟೆ. ತನ್ನ ಮೇಜಿನಲ್ಲಿ ಕೂತು ಮುಚ್ಚಿದಳು, ತೆರೆದಳು, ಮುಚ್ಚಿದಳು, ತೆರೆದಳು. ಪ್ರತಿ ಸಲವೂ ಬೇಲಿ ಭದ್ರವಾಗಿತ್ತು.

ಅಕ್ಷರಕ್ಕೆ ಬಿಳಿ ಬಣ್ಣ ಕೊಟ್ಟು ಅಡಗಿಸಬಹುದಿತ್ತು. ಥೂ, ಅದು ಕಳ್ಳರ ಬುದ್ಧಿ. ತನ್ನದು ಕಳ್ಳತನವೇ ಅಲ್ಲ, ಕಿತ್ತುಕೊಂಡದ್ದನ್ನು ವಾಪಸ್ ತೆಗೆದುಕೊಳ್ಳುವುದು. ಹೇಗೂ ಯಾರೂ ಕಾಣದ ಜಾಗ ಎಂದು ಕಾಲಂಗೆ ದಪ್ಪ ಕಪ್ಪಕ್ಷರದಲ್ಲಿ ತಲೆಬರಹವನ್ನೂ ಕೊಟ್ಟಳು: ಅಮ್ಮನ ಮಂಡಿಗೆ. ಬರೆದ ಮೇಲೆ ಹೊಟ್ಟೆ ತಣ್ಣಗಾಯಿತು.

ಸಭೆಯ ದಿನ ಅರ್ಜಿ ಹಾಕಿದವರು ಒಳಗೆ ಕೂರುವಂತಿರಲಿಲ್ಲ. ಫೈಲನ್ನು ಸಭೆಯ ಕೋಣೆಯ ಕಂಪ್ಯೂಟರಿಗೆ ಹಾಕಿಕೊಟ್ಟು ಹೊರಗಿನ ಬೆಂಚಿನ ಮೇಲೆ ಕೂತಳು. ಅಮ್ಮನಿಗೆ ಫೋನ್ ಮಾಡಿದಳು. "ಚಪ್ಪಲಿ ಹುಡುಕಿ ಇಟ್ಕೊಮ್ಮಾ, ಸಂಜೆ ಮನೆ ನೋಡೋಕೆ ಹೋಗೋಣ."

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲೀಬೇಡ ಕಣೇ," ಅಂದಳು ಅಮ್ಮ. ಆದರೆ ದನಿಯಲ್ಲಿ ನಗು ಇತ್ತು.

ಬಾಗಿಲು ತೆರೆದು, "ಸ್ವಲ್ಪ ಒಳಗೆ ಬಾಮ್ಮ," ಎಂದರು ಭೂತಗನ್ನಡಿ. ಗೋಡೆಯ ಪರದೆಯ ಮೇಲೆ ಶೀಟು ಬಲಕ್ಕೆ ಬಹುದೂರ ಸರಿದು ನಿಂತಿತ್ತು, ಅಮ್ಮನ ಮಂಡಿ ಎಲ್ಲರ ಮುಂದಿತ್ತು. ಶೀಟಿನ ನೆತ್ತಿಯ ಮೇಲೆ ಹಳದಿ ಪಟ್ಟಿಯೊಂದು, ಮ್ಯಾಕ್ರೋ ಓಡಿಸಲೇ ಎಂದು, ಇನ್ನೂ ಅಪ್ಪಣೆಗೆ ಕಾಯುತ್ತಿತ್ತು. ಅವಳ ಕಂಪ್ಯೂಟರಿನಲ್ಲಿ ಆ ಪಟ್ಟಿ ಬಂದದ್ದೇ ಇಲ್ಲ. ನನ್ನ ಫೈಲುಗಳನ್ನು ಕೇಳದೆ ನಂಬು ಎಂದು ಅವಳೇ ಅದಕ್ಕೆ ಎಂದೋ ಹೇಳಿಟ್ಟಿದ್ದಳು. "ಏನಮ್ಮ ಇದು?" ಎಂದರು ಅವರು. "ನಮ್ಮಮ್ಮಂದು ಸಾರ್. ಗಂಡುಮಕ್ಕಳ ಅಮ್ಮಂದಿರಿಗೆ ಮಾತ್ರ ಮಂಡಿ ನೋಯುತ್ತಾ?" ಎಂದಳು, ತಲೆ ತಗ್ಗಿಸದೆ. ಆಮೇಲೆ ತಡೆಯಲಾರದೆ ಕೇಳಿಯೇಬಿಟ್ಟಳು: "ಹಳದಿ ಪಟ್ಟಿ ಬಂತಲ್ಲ, ಯಾಕೆ ಒತ್ತಲಿಲ್ಲ ನೀವು?" ಭೂತಗನ್ನಡಿ ಕಂಪ್ಯೂಟರಿನ ಅಂಚಿಗೆ ಬೆರಳು ತೋರಿಸಿದರು. ಹೋದ ವರ್ಷ ವೈರಸ್ ಬಂದು ಇಡೀ ಕಚೇರಿ ಮಲಗಿದಾಗ ಅವಳೇ ಕೆಂಪು ಶಾಯಿಯಲ್ಲಿ ಬರೆದು ಅಂಟಿಸಿದ ಚೀಟಿ ಅಲ್ಲಿತ್ತು: ಹಳದಿ ಪಟ್ಟಿ ಬಂದರೆ ಯಾರೇ ಆಗಲಿ ಒತ್ತಕೂಡದು.