ಊರೆಲ್ಲ ಒಂದೇ ನಗು

ನಿವೃತ್ತ ತಹಶೀಲ್ದಾರರು ಪಾರ್ಕಿನ ಬೆಂಚಿನ ಮೇಲೆ ಕೂತದ್ದೇ ತಡ, ಬೆಂಚು “ಅಯ್ಯಪ್ಪಾ, ಸೊಂಟ ಹೋಯ್ತಲ್ಲೋ!” ಎಂದು ನರಳಿತು. ಅವರು ಗಾಬರಿಯಿಂದ ಎದ್ದರು. “ಉಸ್ಸಪ್ಪಾ, ಬದುಕಿದೆ,” ಎಂದಿತು ಬೆಂಚು. ಅವರು ಬಗ್ಗಿ ಅಡಿಯಲ್ಲಿ ಇಣುಕಿ ನೋಡಿದರೆ, “ಏನ್ ಸಾರ್, ಪಹಣಿ ಬೇಕಿತ್ತಾ?” ಎಂದು ಕೇಳಿತು. ಸುತ್ತ ಆಡುತ್ತಿದ್ದ ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ನಕ್ಕು ಮುಗಿದಾಗ ಎಲ್ಲರೂ ಒಟ್ಟಿಗೆ, ಬಿಸಿ ಸಾರನ್ನು ಲೋಟದಿಂದ ಹೀರಿದ ಹಾಗೆ, ‘ಸುರ್’ ಎಂದು ಉಸಿರೆಳೆದುಕೊಂಡರು.

ಬೇಲಿಯ ಪಕ್ಕದ ಇನ್ನೊಂದು ಬೆಂಚಿನಲ್ಲಿ ಸಿಂಚನಾ ಕಣ್ಣು ಮುಚ್ಚಿ ಕೂತಿದ್ದಳು. ಆ ‘ಸುರ್’ ಕೇಳುವುದಕ್ಕೆಂದೇ ಅವಳು ದಿನಾ ಸಂಜೆ ಇಲ್ಲಿಗೆ ಬರುತ್ತಿದ್ದಳು. ಅದು ಅವಳ ಗಂಡ ಲೋಹಿತನ ನಗು. ಲೋಹಿತ ಸತ್ತು ನಾಲ್ಕು ವರ್ಷವಾಗಿತ್ತು.

ಬೆಂಚಿನ ಅಡಿಗೆ ಬಡಾವಣೆಯ ಮಕ್ಕಳು ಅಂಟಿಸಿದ್ದದ್ದು ಒಂದು ಕಿಲಾಡಿಬಿಲ್ಲೆ. ಹಳೆಯ ಐದು ರೂಪಾಯಿ ನಾಣ್ಯದಷ್ಟು ಅಗಲ. ಅದರೊಳಗೆ ಒಂದು ಮೈಕ್ರೋಕಂಟ್ರೋಲರ್, ಎಂದರೆ ಒಂದೇ ಚಿಪ್‌ನಲ್ಲಿ ಅಡಗಿದ ಪುಟ್ಟ ಗಣಕ. ಜೊತೆಗೆ ಒಂದು ಮೈಕು, ಒಂದು ಸ್ಪೀಕರು. ಇಂಥವನ್ನು ಜೋಡಿಸಿ ಆಟವಾಡುವ ಹವ್ಯಾಸಿಗಳು ಹಿಂದೆಯೂ ಇದ್ದರು. ಚಪ್ಪಾಳೆ ತಟ್ಟಿದರೆ ಹೊತ್ತುವ ದೀಪ, ನೀರು ಸಾಲದಿದ್ದರೆ ಅಳುವ ಹೂವಿನ ಕುಂಡ, ಇಂಥವನ್ನೆಲ್ಲ ಮಾಡುತ್ತಿದ್ದರು. ಆದರೆ ಅವು ಹೇಳಿಕೊಟ್ಟಷ್ಟನ್ನೇ ಮಾಡುತ್ತಿದ್ದವು, ನಾಲ್ಕು ದಿನಕ್ಕೆ ಬೇಜಾರು ಬಂದು ಅಟ್ಟ ಸೇರುತ್ತಿದ್ದವು. ಸಿಂಚನಾಳ ಬಿಲ್ಲೆ ಹಾಗಲ್ಲ. ಅದಕ್ಕೆ ನಗುವಿನ ಹಸಿವಿತ್ತು. ಒಂದು ಕೀಟಲೆ ಮಾಡಿ ಕಿವಿಗೊಟ್ಟು ಕೂರುತ್ತಿತ್ತು. ಯಾರಾದರೂ ನಕ್ಕರೆ ಆ ಕೀಟಲೆಯನ್ನು ನೆನಪಿಟ್ಟುಕೊಳ್ಳುತ್ತಿತ್ತು, ನಗದಿದ್ದರೆ ಬೇರೊಂದನ್ನು ಹುಡುಕುತ್ತಿತ್ತು. ಕೆಲವು ವಾರ ಕಳೆಯುವಷ್ಟರಲ್ಲಿ, ಯಾರನ್ನು ಯಾವ ಹೊತ್ತಿಗೆ ಹೇಗೆ ನಗಿಸಬಹುದೆಂದು ಮನೆಯವರಿಗಿಂತ ಅದಕ್ಕೇ ಚೆನ್ನಾಗಿ ಗೊತ್ತಾಗಿರುತ್ತಿತ್ತು.

ಅದು ಹುಟ್ಟಿದ್ದು ಮೈಸೂರಿನ ಅವರ ಮನೆಯ ದಸರಾ ಗೊಂಬೆಗಳ ನಡುವೆ. ಸಿಂಚನಾ ಆಗ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳುತ್ತಿದ್ದಳು. ಲೋಹಿತ ಹಲ್ಲಿನ ಡಾಕ್ಟರು. ಹಗಲೆಲ್ಲ ಊರಿನವರು ಬಾಯಿ ತೆರೆದು ನರಳುವುದನ್ನು ಕೇಳಿ ಬರುತ್ತಿದ್ದ ಅವನಿಗೆ ಮನೆಯಲ್ಲಿ ನಗದಿದ್ದರೆ ಅನ್ನ ಇಳಿಯುತ್ತಿರಲಿಲ್ಲ. ಗಂಡಹೆಂಡಿರು ಸೇರಿ, ಅಂಗಡಿ ಹರವಿಕೊಂಡು ಕೂತ ಶೆಟ್ಟಿ ಗೊಂಬೆಯ ಹೊಟ್ಟೆಗೆ ಮೊದಲ ಬಿಲ್ಲೆಯನ್ನು ಇಟ್ಟರು. ಯಾರಾದರೂ ಅಕ್ಕಿಗೆ ಕೈ ಹಾಕಿದರೆ ಶೆಟ್ಟಿ ಸೀನುತ್ತಿದ್ದ.

ಬಿಲ್ಲೆಗೆ ನಗು ಎಂದರೇನು ಎಂದು ಕಲಿಸಬೇಕಾದರೆ ನೂರಾರು ನಗುಗಳನ್ನು ಕೇಳಿಸಬೇಕು. ಗೊಂಬೆ ನೋಡಲು ಬರುವ ಮಕ್ಕಳ ನಗುವನ್ನು ಹಿಡಿದರಾಯಿತು ಎಂದು ಸಿಂಚನಾ ಲೆಕ್ಕ ಹಾಕಿದ್ದಳು. ಆದರೆ ರೇಷ್ಮೆ ಲಂಗ ತೊಟ್ಟು, ತಲೆ ತುಂಬ ಹೂ ಮುಡಿದು ಅಮ್ಮಂದಿರ ಜೊತೆ ಬಂದ ಮಕ್ಕಳು ಕಂಡವರ ಮನೆಯಲ್ಲಿ ನಗುತ್ತವೆಯೇ? ಶೆಟ್ಟಿ ಎಷ್ಟು ಸೀನಿದರೂ ಅಮ್ಮನ ಮುಖ ನೋಡಿ, ಬಾಯಿಗೆ ಕೈ ಅಡ್ಡ ಹಿಡಿದು, ಗೊಂಬೆ ಬಾಗಿನದ ಚಕ್ಕುಲಿ ಇಸಿದುಕೊಂಡು ಹೊರಟುಬಿಡುತ್ತಿದ್ದವು. ಕೊನೆಗೆ ಲೋಹಿತನೇ ಗೊಂಬೆ ಮೆಟ್ಟಿಲಿನ ಹಿಂದೆ, ಬಿಳಿ ಪಂಚೆಯ ಮರೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತ. ಹಸುಗೂಸಿನಂತೆ ನಕ್ಕ, ಹಲ್ಲಿಲ್ಲದ ಮುದುಕನಂತೆ ನಕ್ಕ, ಮದುವಣಗಿತ್ತಿಯಂತೆ, ಮಂತ್ರಿಯಂತೆ, ನೆಗಡಿ ಹಿಡಿದ ಪುರೋಹಿತನಂತೆ ನಕ್ಕ. ಒಂಬತ್ತು ಸಂಜೆ ಹೀಗೆ ನಕ್ಕು ಗಂಟಲು ಕಟ್ಟಿಸಿಕೊಂಡ. ತನ್ನ ಬಳಿ ನೂರಾರು ಬಗೆಯ ನಗು ಸೇರಿತು ಎಂದು ಸಿಂಚನಾ ಹಿಗ್ಗಿದಳು.

ಬಿಲ್ಲೆ ಮಾತ್ರ ಅವೆಲ್ಲದರಲ್ಲೂ ಸಮಾನವಾದದ್ದು ಯಾವುದು ಎಂದು ಹುಡುಕಿತು. ವೇಷ ಯಾವುದಾದರೇನು, ಪ್ರತಿ ನಗುವಿನ ಕೊನೆಗೂ ಲೋಹಿತನ ಆ ‘ಸುರ್’ ಇತ್ತು.

ಬಿಲ್ಲೆಯ ವಿನ್ಯಾಸವನ್ನು ಸಿಂಚನಾ ಎಲ್ಲರಿಗೂ ಪುಕ್ಕಟೆಯಾಗಿ ಬಿಟ್ಟುಕೊಟ್ಟಳು. ಶಾಲೆಯ ಮಕ್ಕಳು ಬೆಸುಗೆ ಹಾಕಿ ತಮ್ಮ ತಮ್ಮ ಬಿಲ್ಲೆ ಮಾಡಿಕೊಂಡರು. ಕೆಲವೇ ವರ್ಷಗಳಲ್ಲಿ ತೊಟ್ಟಿಲಿಗೆ, ಚಪ್ಪಲಿ ಗೂಡಿಗೆ, ಬಸ್ಸಿನ ಸೀಟಿಗೆ, ಆಸ್ಪತ್ರೆಯ ಮಂಚಕ್ಕೆ ಅದು ಅಂಟಿಕೊಂಡಿತು. ಪ್ರತಿಯೊಬ್ಬರೂ ಕೀಟಲೆಯ ಭಾಗವನ್ನು ತಮಗೆ ಬೇಕಾದಂತೆ ಬದಲಿಸಿಕೊಂಡರು. ‘ಕಿವಿ’ ಎಂದು ಕರೆಯುತ್ತಿದ್ದ ಭಾಗವನ್ನು, ಎಂದರೆ ನಗುವನ್ನು ಗುರುತಿಸುವ ಪಾಠವನ್ನು, ಯಾರೂ ಮುಟ್ಟಲಿಲ್ಲ. ಚೆನ್ನಾಗಿ ನಡೆಯುತ್ತಿರುವುದನ್ನು ಬಿಚ್ಚಿ ನೋಡುವ ಹವ್ಯಾಸಿ ಇನ್ನೂ ಹುಟ್ಟಬೇಕಷ್ಟೆ. ಬೇರೆಯವರ ನಗುವಿಗೂ ಬಿಲ್ಲೆ ಓಗೊಡುತ್ತಿತ್ತು, ಆದರೆ ಅರೆಮನಸ್ಸಿನಿಂದ. ಕೊನೆಯಲ್ಲಿ ಒಂದು ‘ಸುರ್’ ಸೇರಿದರೆ ಅದಕ್ಕೆ ಎಲ್ಲಿಲ್ಲದ ಹುರುಪು. ಮಕ್ಕಳು ಇಂಥದ್ದನ್ನು ಬಲು ಬೇಗ ಕಲಿಯುತ್ತಾರೆ, ಕಲಿತೆವು ಎಂಬುದೂ ಅವರಿಗೆ ತಿಳಿಯುವುದಿಲ್ಲ.

ಲೋಹಿತ ಕಾಯಿಲೆ ಬಿದ್ದ ಮೇಲೆ ನಗುವುದನ್ನು ಬಿಟ್ಟ. ಮನೆಯ ಬಿಲ್ಲೆಗಳು ಹಸಿದು ಕಂಗಾಲಾದವು. ಉಪ್ಪಿನ ಡಬ್ಬಿ ದಿನವಿಡೀ ಸೀನಿತು, ಬಾಗಿಲ ಕಾಲೊರಸು ಗಳಿಗೆಗೊಮ್ಮೆ ಕಚಗುಳಿಯಾದಂತೆ ಕಿರುಚಿತು, ಅವನ ಮಂಚದ ಕಾಲು ಹಳೆಯ ಚೇಷ್ಟೆಗಳನ್ನೆಲ್ಲ ಒಂದೊಂದಾಗಿ ತೋರಿಸಿತು. ಅವನು ಗೋಡೆಗೆ ಮುಖ ಮಾಡಿ ಮಲಗಿದ್ದ. ಸಿಂಚನಾ ಅಳುತ್ತಲೇ ಅವುಗಳ ಬ್ಯಾಟರಿ ಕಿತ್ತಳು.

ಅವನು ಹೋದ ಮೇಲೆ ಒಂದು ದಿನ ತರಕಾರಿ ಗಾಡಿಯ ಹತ್ತಿರ ಯಾರದೋ ಪುಟ್ಟ ಹುಡುಗಿ ನಕ್ಕಳು, ಕೊನೆಗೆ ಅದೇ ‘ಸುರ್’. ಸಿಂಚನಾಳ ಕೈಯ ಚೀಲ ಜಾರಿ ಟೊಮೆಟೊಗಳು ರಸ್ತೆ ತುಂಬ ಉರುಳಿದವು. ಏನು ನಡೆದಿದೆ ಎಂದು ಅವಳಿಗೆ ಆ ಕ್ಷಣವೇ ಹೊಳೆಯಿತು. ಎಲ್ಲೋ ತಪ್ಪಾಗಿದೆ ಎಂದು ಅವಳಿಗೆ ಅನ್ನಿಸಲಿಲ್ಲ. ಲೋಹಿತ ಇನ್ನೂ ಇದ್ದಾನೆ ಎನ್ನಿಸಿತು, ಅಷ್ಟೇ. ಅಂದಿನಿಂದ ಅವಳು ಪಾರ್ಕಿಗೆ ಬರತೊಡಗಿದಳು.

ಆ ಸಂಜೆ ತಹಶೀಲ್ದಾರರು ಗೊಣಗುತ್ತ ಹೋದ ಮೇಲೆ, ಬಿಳಿ ಕೋಲು ಹಿಡಿದ ಒಬ್ಬ ವ್ಯಕ್ತಿ ಅವಳ ಬೆಂಚಿನ ಬಳಿ ಬಂದ. ಜೊತೆಯಲ್ಲಿದ್ದ ಏಳೆಂಟು ವರ್ಷದ ಹುಡುಗಿ ಅವನನ್ನು ಅಲ್ಲಿ ಬಿಟ್ಟು, ಉಳಿದ ಮಕ್ಕಳ ಕಡೆಗೆ ಓಡಿದಳು.

“ಬಿಲ್ಲೆ ಕಂಡುಹಿಡಿದ ಮೇಡಂ ನೀವೇ ಅಂತ ಇಲ್ಲಿಯವರು ಹೇಳಿದ್ರು. ನಾನು ಧರಣೇಂದ್ರ ಅಂತ. ಫಿಸಿಯೋಥೆರಪಿ ಮಾಡ್ತೀನಿ.”

“ಬನ್ನಿ, ಕೂತ್ಕೊಳ್ಳಿ. ಈ ಬೆಂಚಿಗೆ ಬಿಲ್ಲೆ ಇಲ್ಲ, ಹೆದರ್ಬೇಡಿ,” ಎಂದಳು ಸಿಂಚನಾ.

ಅವನು ನಗಲಿಲ್ಲ. “ನಮ್ಮನೇಲೂ ಇದಾವೆ ಮೇಡಂ. ನನ್ನ ಮಗಳು ಇಂಪನಾಗೆ ಅವು ಅಂದ್ರೆ ಪ್ರಾಣ. ನಾನು ದೂರು ಹೇಳೋಕೆ ಬಂದಿಲ್ಲ. ಅಥವಾ ಅದಕ್ಕೇ ಬಂದಿದೀನೋ ಏನೋ.” ಕೋಲನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡ. “ನಂಗೆ ಹುಟ್ಟಿದಾಗಿಂದ ಕಣ್ಣಿಲ್ಲ. ಅವಳ ಮುಖನ ಬೆರಳಲ್ಲಿ ಮುಟ್ಟಿ ನೋಡಿದೀನಿ. ಆದ್ರೆ ನನ್ನ ಪಾಲಿಗೆ ಅವಳು ಅಂದ್ರೆ ಅವಳ ನಗು. ಚಿಕ್ಕೋಳಿದ್ದಾಗ ಕುಲುಕುಲು ಅಂತ ಶುರು ಮಾಡಿ, ಕೊನೇಲಿ ಬಿಕ್ಕಳಿಕೆ ತಂದ್ಕೊಳ್ಳೋಳು. ಮದುವೆ ಮನೆ ಗದ್ದಲದಲ್ಲೂ ನಂಗೆ ಗೊತ್ತಾಗ್ತಿತ್ತು, ಅಗೋ ಅಲ್ಲಿದಾಳೆ ಅಂತ.”

“ಈಗ?”

“ಈಗ ಎಲ್ಲ ಮಕ್ಕಳೂ ಒಂದೇ ಥರ ನಗ್ತಾರಲ್ಲ ಮೇಡಂ. ಹೋದ ತಿಂಗಳು ಸ್ಕೂಲಿನ ಗೇಟ್ ಹತ್ರ ನಿಂತಿದ್ದೆ. ಪಕ್ಕದಲ್ಲೇ ನಗು ಕೇಳ್ತು. ಬಂದ್ಲಲ್ಲ ಅಂತ ಕೈ ಹಿಡ್ಕೊಂಡು ಹೊರಟೆ. ರಸ್ತೆ ದಾಟೋವಾಗ ಮಗು ಕಿರುಚ್ಕೊಳ್ತು. ಅದು ಬೇರೆಯವರ ಮಗು. ಜನ ಸೇರಿದ್ರು. ಒಬ್ರು ಕಪಾಳಕ್ಕೆ ಹೊಡೆದ್ರು. ಹೊಡೀಲಿ ಬಿಡಿ, ಅವರ ಜಾಗದಲ್ಲಿ ನಾನಿದ್ರೂ ಅದನ್ನೇ ಮಾಡ್ತಿದ್ದೆ. ಆದ್ರೆ ಇಂಪನಾ ಅಲ್ಲೇ ನಿಂತು ನೋಡ್ತಿದ್ಲಂತೆ. ಮನೆಗೆ ಬಂದ ಮೇಲೆ ಕೇಳಿದ್ಲು, ‘ಅಪ್ಪಾ, ನಾನು ಯಾರು ಅಂತ ನಿಂಗೆ ಗೊತ್ತಾಗಲ್ವಾ?’ ಅಂತ. ಏನು ಹೇಳ್ಲಿ?”

ಅಷ್ಟರಲ್ಲಿ ಆ ಕಡೆಯ ಬೆಂಚು ಮತ್ತೇನೋ ಅಂದಿತು. ಮಕ್ಕಳು ನಕ್ಕರು. ‘ಸುರ್’. ಅಭ್ಯಾಸಬಲದಿಂದ ಸಿಂಚನಾಳ ಕಣ್ಣುಗಳು ಮುಚ್ಚಿಕೊಂಡವು.

“ಅದ್ರಲ್ಲಿ ನನ್ನ ಮಗಳದ್ದು ಯಾವುದು, ನೀವೇ ಹೇಳಿ ಮೇಡಂ,” ಎಂದ ಧರಣೇಂದ್ರ.

ಅವಳಿಗೆ ಹೇಳಲಾಗಲಿಲ್ಲ. ಕಣ್ಣು ಬಿಟ್ಟು ನೋಡಿದಳು. ಹಲ್ಲು ಬಿದ್ದ ಒಂದು ಮಗು, ಎರಡು ಜಡೆಯ ಒಂದು, ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡ ಇನ್ನೊಂದು. ಇಷ್ಟು ದಿನ ಇಲ್ಲಿ ಕೂತರೂ ಇವರಲ್ಲಿ ಒಬ್ಬರ ಮುಖವನ್ನೂ ತಾನು ಸರಿಯಾಗಿ ನೋಡಿಲ್ಲ ಎಂಬುದು ಅವಳಿಗೆ ಆಗ ತಿಳಿಯಿತು. ನಾಚಿಕೆಯಾಯಿತು.

“ನಿಮಗೆ ಆ ನಗು ಹೇಗೆ ಕೇಳ್ಸುತ್ತೆ?” ಎಂದು ಮೆಲ್ಲಗೆ ಕೇಳಿದಳು.

“ಯಾರೋ ಒಬ್ಬ ಗಂಡಸು ನಗ್ತಿರೋ ಹಾಗೆ. ಒಳ್ಳೆಯವನೇ ಇರ್ಬೇಕು. ಆದ್ರೆ ನನ್ನ ಮಗಳ ಬಾಯಲ್ಲಿ ಅವನಿಗೇನು ಕೆಲಸ?”

“ಒಳ್ಳೆಯವರೇ. ನಮ್ಮ ಯಜಮಾನ್ರು. ಈಗಿಲ್ಲ.”

ಧರಣೇಂದ್ರನಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅವಳು ಗೊಂಬೆ ಮೆಟ್ಟಿಲಿನ ಕತೆ ಹೇಳಿದಳು, ಪಾರ್ಕಿಗೆ ಯಾಕೆ ಬರುತ್ತೇನೆ ಎಂಬುದನ್ನೂ ಹೇಳಿದಳು. ಅವನು ತಡಬಡಿಸಿ ಎದ್ದು ಕೋಲು ಬಿಡಿಸಿದ. “ಕ್ಷಮಿಸಿ ಮೇಡಂ. ನಂಗೆ ಗೊತ್ತಿರ್ಲಿಲ್ಲ. ಬೇಡ ಬಿಡಿ, ಹೇಗೋ ನಡೆಯುತ್ತೆ.”

“ಕೂತ್ಕೊಳ್ಳಿ,” ಎಂದಳು ಸಿಂಚನಾ. ದನಿ ಗದರಿದಂತೆ ಕೇಳಿಸಿತು. ಅವಳಿಗೆ ಸಿಟ್ಟು ಬಂದಿದ್ದದ್ದು ಅವನ ಮೇಲಲ್ಲ.

ಯಾರ ನಗುವನ್ನೂ ಒಂದೇ ಸಮನಾಗಿ ಗುರುತಿಸುವ ಹೊಸ ಕಿವಿಯನ್ನು ಬಿಲ್ಲೆಗೆ ಮಾಡುವುದೆಂದು ಅವಳು ನಿಶ್ಚಯಿಸಿದಳು. ಅದಕ್ಕೆ ಬೇಕಾದ ನಗುಗಳನ್ನು ಅವರಿಬ್ಬರೂ ಸೇರಿ ಹುಡುಕಿದರು. ಮಕ್ಕಳ ಬಳಿ ಹೋಗಿ ಪ್ರಯೋಜನವಿರಲಿಲ್ಲ. ಬಿಲ್ಲೆ ಬರುವ ಮೊದಲೇ ನಗಲು ಕಲಿತಿದ್ದ ಹಿರಿಯರು ಬೇಕಿತ್ತು. ಹೂವಿನ ಮಾರುಕಟ್ಟೆ, ಬಸ್ ನಿಲ್ದಾಣ, ಕಲ್ಯಾಣ ಮಂಟಪದ ಊಟದ ಪಂಕ್ತಿ, ಇಸ್ಪೀಟಾಡುವ ಕಟ್ಟೆ, ಎಲ್ಲ ಕಡೆ ಮೈಕು ಹಿಡಿದು ಅಲೆದರು. ಇಂಥ ಹೆಂಗಸಿನ ನಗು ಮೂಗಿನಿಂದ ಬರುತ್ತದೆ, ಇಂಥವರು ನಗುವಾಗ ಸದ್ದೇ ಮಾಡುವುದಿಲ್ಲ, ಕುರ್ಚಿ ಮಾತ್ರ ಅಲುಗುತ್ತದೆ ಎಂದು ಧರಣೇಂದ್ರ ಗುರುತಿಸಿ ಹೇಳುತ್ತಿದ್ದ. ಜಗತ್ತಿನಲ್ಲಿ ಇಷ್ಟು ಬಗೆಯ ನಗು ಇದೆಯೆಂದು ಸಿಂಚನಾಳಿಗೆ ತಿಳಿದಿರಲಿಲ್ಲ. ತಾನು ಕಳೆದುಹಾಕಿದ್ದು ಎಷ್ಟು ಎಂದು ಎಣಿಸುವ ಧೈರ್ಯ ಅವಳಿಗೆ ಬರಲಿಲ್ಲ.

ಎಲ್ಲ ಬಿಲ್ಲೆಗಳೂ ತಮ್ಮ ಪಾಠವನ್ನು ಜಾಲದ ಒಂದೇ ಭಂಡಾರದಿಂದ ತಂದುಕೊಳ್ಳುತ್ತಿದ್ದವು. ಅಲ್ಲಿ ಹಳೆಯ ಕಿವಿ ತೆಗೆದು ಹೊಸದನ್ನಿಟ್ಟರೆ ಸಾಕು, ನಾಡಿನ ಬಿಲ್ಲೆಗಳೆಲ್ಲ ತಾವಾಗಿಯೇ ಬದಲಾಗುತ್ತವೆ. ಹೊಸದು ಸಿದ್ಧವಾದ ಮೇಲೂ ಅವಳು ಬಹಳ ದಿನ ಅದನ್ನು ಭಂಡಾರಕ್ಕೆ ಹಾಕದೆ ಮುಂದೂಡಿದಳು. ಇವತ್ತೊಂದು ಸಂಜೆ ಪಾರ್ಕಿಗೆ ಹೋಗಿ ಬಂದುಬಿಡೋಣ ಎನ್ನಿಸುತ್ತಿತ್ತು, ಮರುದಿನವೂ ಹಾಗೇ ಎನ್ನಿಸುತ್ತಿತ್ತು. ಲೋಹಿತ ಮೈಕಿನ ಮುಂದೆ ನಕ್ಕ ಆ ಹಳೆಯ ಧ್ವನಿಗಳು ಅವಳ ಬಳಿ ಇದ್ದವು. ಆದರೆ ಅವು ಬೇಕೆಂದೇ ನಕ್ಕ ನಗು. ಮಕ್ಕಳ ಬಾಯಿಂದ ಬರುತ್ತಿದ್ದದ್ದು ತಡೆಯಲಾರದೆ ಬಂದ ನಗು, ಊಟದ ತಟ್ಟೆಯ ಮುಂದೆ ಅವನು ನಗುತ್ತಿದ್ದಂಥ ನಗು. ಅದನ್ನು ತನ್ನ ಕೈಯಾರೆ ಅಳಿಸಬೇಕಿತ್ತು. ಕೊನೆಗೊಂದು ಬೆಳಗ್ಗೆ, ಕಾಫಿಗೆ ಹಾಲಿಟ್ಟು, ಅದು ಉಕ್ಕುವುದರೊಳಗೆ ಆ ಕೆಲಸ ಮುಗಿಸಿದಳು.

ಮಳೆಗಾಲ ಶುರುವಾಗುವಷ್ಟರಲ್ಲಿ ‘ಸುರ್’ ಅಪರೂಪವಾಯಿತು. ಶ್ರಾವಣದಲ್ಲಿ ಇಬ್ಬರು ಮೂವರು ಮಕ್ಕಳಲ್ಲಿ ಉಳಿದಿತ್ತು. ಗೊಂಬೆಗಳನ್ನು ಪೆಟ್ಟಿಗೆಯಿಂದ ತೆಗೆಯುವ ಕಾಲಕ್ಕೆ ಒಬ್ಬರಲ್ಲೂ ಇರಲಿಲ್ಲ. ಅದು ಖಚಿತವಾದ ಸಂಜೆ ಸಿಂಚನಾ ಮನೆಗೆ ಬಂದು, ಲೋಹಿತ ಸತ್ತ ದಿನ ಅತ್ತದ್ದಕ್ಕಿಂತ ಹೆಚ್ಚು ಅತ್ತಳು.

ದಸರಾ ರಜೆಯಲ್ಲಿ ಧರಣೇಂದ್ರ ಮಗಳ ಜೊತೆ ಪಾರ್ಕಿಗೆ ಬಂದ.

“ಬಿಕ್ಕಳಿಕೆ ವಾಪಸ್ ಬಂತಾ?” ಎಂದು ಸಿಂಚನಾ ಆಸೆಯಿಂದ ಕೇಳಿದಳು.

ಅವನು ತಲೆಯಾಡಿಸಿದ. “ಇಲ್ಲ ಮೇಡಂ. ನಗ್ತಾಳೆ, ಕೊನೇಲಿ ಗಕ್ಕಂತ ನಿಂತ್ಬಿಡ್ತಾಳೆ. ಮುಂದೇನು ಮಾಡ್ಬೇಕು ಅಂತ ಗೊತ್ತಿಲ್ದೋರ ಹಾಗೆ. ಎಲ್ಲ ಮಕ್ಕಳೂ ಹಾಗೇ. ನಾನೀಗ ಗೇಟಲ್ಲಿ ನಿಂತು ಹೆಸರು ಕೂಗ್ತೀನಿ.”

“ಬರ್ಬಹುದು. ನಿಧಾನಕ್ಕೆ.”

“ಬರ್ಬಹುದು,” ಎಂದ ಅವನು, ಅವಳ ಸಮಾಧಾನಕ್ಕೆ.

ಇಂಪನಾ ಅವರಿಬ್ಬರ ನಡುವೆ ಬಂದು ಕೂತಳು. ಎದುರಿನ ಬೆಂಚಿನ ಮೇಲೆ ತಹಶೀಲ್ದಾರರು ಈ ಸಲ ಮೆಲ್ಲಗೆ, ಒಂದು ದಿಂಬು ಹಾಸಿ ಕೂತರು. “ಲಂಚ ಬೇರೆ ಕೊಡ್ತೀರಾ ಸಾರ್?” ಎಂದಿತು ಬೆಂಚು. ಬಹಳ ದಿನಗಳ ಮೇಲೆ ಸಿಂಚನಾಳಿಗೆ ನಗು ಬಂದುಬಿಟ್ಟಿತು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗು ಮುಗಿದಾಗ ಅವಳ ಗಂಟಲಿನಿಂದ ಒಂದು ‘ಸುರ್’ ಬಂದಿತು.

ಅವಳು ಬೆಚ್ಚಿದಳು. ಅದನ್ನು ಯಾವ ಬಿಲ್ಲೆಯೂ ಅವಳಿಗೆ ಕಲಿಸಿರಲಿಲ್ಲ. ಒಂದೇ ಮನೆಯಲ್ಲಿ ಅಷ್ಟು ವರ್ಷ ಅವನ ಜೊತೆ ಉಂಡು, ಜಗಳವಾಡಿ, ನಕ್ಕು ಬಂದದ್ದು ಅದು.

ಇಂಪನಾ ಅವಳ ತೋಳು ಮುಟ್ಟಿ, ತಿದ್ದಿ ಹೇಳುವವಳಂತೆ ಹೇಳಿದಳು: “ಅಜ್ಜಿ, ಅದು ಹಳೇದು. ಈಗ ಹಂಗೆ ನಗ್ಬೇಕಾಗಿಲ್ಲ. ಹೆಂಗೆ ನಕ್ರೂ ಬಿಲ್ಲೆ ತಗೊಳ್ಳುತ್ತೆ.”

ಯಾಕೋ ಸಿಂಚನಾಳಿಗೆ ತನ್ನ ಸ್ವಂತ ಅಜ್ಜಿಯ ನೆನಪಾಯಿತು. ಮೂವತ್ತೈದು ವರ್ಷಗಳ ಹಿಂದಿನ ಮಾತು, ಸಿಂಚನಾ ಆಗಿನ್ನೂ ಕಾಲೇಜಿನಲ್ಲಿ ಓದುತ್ತಿದ್ದಳು. ಮಾತು ಕೇಳುವ ಫೋನು ಮನೆಗೆ ಹೊಸದಾಗಿ ಬಂದಿತ್ತು. ಚಾಮರಾಜನಗರದ ಕಡೆಯ ಅಜ್ಜಿ ಅದನ್ನು ಬಾಯಿಯ ಹತ್ತಿರ ಹಿಡಿದು, “ಲೋ ಕಂದ, ಇವತ್ತು ಮಳ ಬಂದದಾ?” ಎಂದು ಕೇಳಿದ್ದಳು. ಫೋನಿಗೆ ಅರ್ಥವಾಗಲಿಲ್ಲ. ಅಜ್ಜಿ ಮತ್ತೆ ಮತ್ತೆ ಕೇಳಿದಳು, ಮನೆಯವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಸಿಂಚನಾಳೇ ಪಕ್ಕದಲ್ಲಿ ಕೂತು, “ಹಂಗಲ್ಲ ಅಜ್ಜಿ, ‘ಇಂದು ಮಳೆ ಬರುತ್ತದೆಯೇ’ ಅನ್ಬೇಕು” ಎಂದು ಹೇಳಿಕೊಟ್ಟಳು. ಅಜ್ಜಿ ಜಾಣೆ, ಒಂದೇ ವಾರದಲ್ಲಿ ಕಲಿತಳು. ಫೋನು ಅವಳ ಮಾತಿಗೆಲ್ಲ ಉತ್ತರ ಕೊಡತೊಡಗಿತು, ಎಲ್ಲರೂ ಭೇಷ್ ಎಂದರು. ಅಜ್ಜಿ ಅದಾದ ಮೇಲೆ ಮನೆಯವರ ಜೊತೆಗೂ ಹಾಗೇ ಮಾತಾಡತೊಡಗಿದ್ದು ಯಾವಾಗಿನಿಂದ ಎಂದು ಯಾರೂ ಗಮನಿಸಿರಲಿಲ್ಲ.