ಸುಟ್ಟಗಾಯದ ವಾರ್ಡಿನ ಸಿಳ್ಳು

"ಮೇಡಂ, ನನ್ನ ದೊಡ್ಡ ಮಗಳೇ ಚಿಕ್ಕವಳನ್ನ ಸುಟ್ಟಳು ಅಂತಿದಾರೆ. ಸಂಜೆ ಪೊಲೀಸರು ಬರ್ತಾರೆ. ಅವಳು ಅಂಥವಳಲ್ಲ. ಆದ್ರೆ ಬಾಯೇ ಬಿಡ್ತಿಲ್ಲ."

ಹಾಸಿಗೆ ಹೊಲಿಯುವ ಆತ ಬಾಗಿಲಲ್ಲಿ ನಿಂತು ಅಂಗಲಾಚಿದಾಗ ಬೂದಿ ಮೇಡಂ ಆಗಷ್ಟೇ ಊಟಕ್ಕೆ ಕೂತಿದ್ದರು. ಬೆಂಕಿ ಬಿದ್ದಲ್ಲಿ ಬೂದಿ ಕೆದಕಿ ಕಾರಣ ಹೇಳುವುದು ಅವರ ಕೆಲಸ. ಕ್ಯಾಮೆರಾ ಹೊತ್ತು ಹಿಂದೆ ಅಲೆಯುವುದು ನನ್ನ ಹಣೆಬರಹ. ಅವರು ತಟ್ಟೆ ಬಿಟ್ಟು ಎದ್ದರು. ನನ್ನ ಊಟಕ್ಕೂ ಕಲ್ಲು ಬಿತ್ತು.

ಸುಟ್ಟಗಾಯದ ಮಕ್ಕಳ ವಾರ್ಡು ನಡುಮಧ್ಯಾಹ್ನದಲ್ಲೂ ಮಸುಕಾಗಿತ್ತು. ಗಾಜಿನ ಬಾಗಿಲಾಚೆ ಐದು ವರ್ಷದ ಚಿಕ್ಕವಳು ಮಲಗಿದ್ದಳು. ಎರಡೂ ಕೈಗೆ ಪಟ್ಟಿ, ಗಂಟಲಿಗೆ ಕೊಳವೆ. ಅವಳ ಎದೆಯನ್ನು ಯಂತ್ರವೊಂದು ಏರಿಸಿ ಇಳಿಸುತ್ತಿತ್ತು. ಈಚೆ ಕಾರಿಡಾರಿನಲ್ಲಿ ಎಲ್ಲಿಂದಲೋ ಸಣ್ಣ ಸಿಳ್ಳು ಕೇಳಿಸಿತು. ನಿಂತಿತು, ಮತ್ತೆ ಬಂತು. ಕಿಟಕಿಗಳೆಲ್ಲ ಮುಚ್ಚಿದ್ದವು. 

"ಅವರಮ್ಮ ಕಣಪ್ಪ," ಎಂದು ಮಕ್ಕಳ ಅಜ್ಜಿ ಪಿಸುಗುಟ್ಟಿದರು. "ಸತ್ತು ವರ್ಷ ಆಯ್ತು. ಮಗೂನ ಕರ್ಕೊಂಡು ಹೋಗೋಕೆ ಬಂದಿದಾಳೆ. ಬೆಳಿಗ್ಗೆಯಿಂದ ಕೇಳ್ತಿದೆ."

ಮಕ್ಕಳ ಚಿಕ್ಕಪ್ಪ ಮುಂದೆ ಬಂದ. "ನಿನ್ನೆ ಸಂಜೆ ಅಣ್ಣ ಮನೇಲಿರಲಿಲ್ಲ. ದೊಡ್ಡವಳು ತಂಗೀನ ಹಾಸಿಗೆ ಫೋಮ್ ಇಡೋ ಕೋಣೇಲಿ ಕೂಡಿ ಹೊರಗಿಂದ ಚಿಲಕ ಹಾಕಿದಾಳೆ. ಶೆಲ್ಫಲ್ಲಿ ಬೆಂಕಿಪೊಟ್ಟಣ ಬೇರೆ. ನಾನೇ ಆ ಹೊಗೇಲಿ ಕಣ್ಣು ಕಾಣದೆ ತಡಕಾಡಿ ಮಗೂನ ಎತ್ಕೊಂಡು ಬಂದೆ." ಅವನ ದನಿ ಗಂಟೆ ಬಾರಿಸಿದಷ್ಟು ಸ್ಪಷ್ಟವಾಗಿತ್ತು. ಮೂಗು ಸೀನಿ, ಬಿಳಿ ಕರವಸ್ತ್ರವನ್ನು ಬಿಳಿಯಾಗಿಯೇ ಮಡಚಿಟ್ಟ. ಅವನ ಬೆರಳ ತುದಿಗಳು ಸಿಗರೇಟಿನಿಂದ ಹಳದಿಗಟ್ಟಿದ್ದವು.

ಹತ್ತು ವರ್ಷದ ದೊಡ್ಡವಳು ಬೆಂಚಿನ ಮೇಲೆ ಗಲ್ಲ ಮುಂದೆ ಚಾಚಿ, ಮೊಣಕಾಲು ಬಿಗಿಹಿಡಿದು ಕೂತಿದ್ದಳು. ಮೈಮೇಲೆ ಒಂದು ಗಾಯವಿಲ್ಲ. ಹುಬ್ಬಿನ ಕೂದಲು ಮಾತ್ರ ಸುರುಟಿತ್ತು.

"ರಾತ್ರಿ ಇವಳ ಮುಖದ ಮಸಿ ನಾನೇ ತೊಳೆದೆ," ಎಂದರು ಅಜ್ಜಿ. "ಆಗಿಂದ್ಲೂ ದನಿಯಿಲ್ಲ. ಮಾಡಿದ ತಪ್ಪಿಗೆ ನಾಲಿಗೆ ಬಿದ್ದು ಹೋಗಿದೆ."

ಮೇಡಂ ಮಂಡಿಯೂರಿ ಹುಡುಗಿಯ ಬಾಯಿಗೆ ಕಿವಿಯಿಟ್ಟರು. ಅವರ ಮುಖ ಬಿಳಿಚಿತು. ಒಂದು ಪ್ರಶ್ನೆಯನ್ನೂ ಕೇಳದೆ ಅವಳನ್ನು ಬಾಚಿ ಎತ್ತಿಕೊಂಡು ಗಾಜಿನ ಬಾಗಿಲೊಳಗೆ ಓಡಿದರು. ಸಿಳ್ಳೂ ಅವಳ ಜೊತೆಯೇ ಒಳಗೆ ಹೋಯಿತು.

ತುಂಬ ಹೊತ್ತಾದ ಮೇಲೆ ಡಾಕ್ಟರು ಹೊರಬಂದರು. "ಗಂಟಲು ಊದಿ ಮುಚ್ಚಿಹೋಗ್ತಿತ್ತು. ಕೊಳವೆ ಹಾಕಿದೀವಿ. ಉಳ್ಕೋತಾಳೆ."

ಆಮೇಲೆ ಮೇಡಂ ತಂದೆ, ಅಜ್ಜಿ, ಚಿಕ್ಕಪ್ಪ ಮೂವರನ್ನೂ ಬೆಂಚಿನ ಮೇಲೆ ಕೂರಿಸಿದರು.

"ಅಜ್ಜಿ, ನೀವು ಕೇಳಿದ್ದು ನಿಮ್ಮ ಮೊಮ್ಮಗಳ ಉಸಿರು. ಬಿಸಿ ಹೊಗೆ ಕುಡಿದ ಗಂಟಲು ನಿಧಾನವಾಗಿ ಊದುತ್ತೆ. ಮಕ್ಕಳ ಗಂಟಲು ಮೊದಲೇ ಸಣ್ಣದು. ಮೈ ಸುಟ್ಟಿಲ್ಲ ಅಂತ ಯಾರೂ ಇವಳ ಕಡೆ ತಿರುಗಿ ನೋಡ್ಲಿಲ್ಲ. ಚಿಲಕ ಹಾಕಿ ಹೊರಗೆ ನಿಂತಿದ್ರೆ ಹುಬ್ಬು ಸುಡ್ತಿತ್ತಾ? ಗಂಟಲೊಳಗೆ ಅಷ್ಟು ಹೊಗೆ ಹೋಗ್ತಿತ್ತಾ?"

ಚಿಕ್ಕಪ್ಪನತ್ತ ತಿರುಗಿದರು. "ನೀವು ತಡಕಾಡಿ ಬಂದೋರು. ಕೆಮ್ಮಿಲ್ಲ, ದನಿ ಒಡೆದಿಲ್ಲ, ಕರವಸ್ತ್ರದಲ್ಲಿ ಮಸಿಯಿಲ್ಲ. ಒಳಗೆ ಹೋಗಿದ್ದು ಅವಳು. ನೀವು ಬಾಗಿಲಲ್ಲಿ ನಿಂತು ಮಗೂನ ಅವಳ ಕೈಯಿಂದ ಇಸ್ಕೊಂಡ್ರಿ. ಇನ್ನು, ಕಣ್ಣೇ ಕಾಣದ ಹೊಗೇಲಿ ಶೆಲ್ಫಿನ ಬೆಂಕಿಪೊಟ್ಟಣ ನಿಮಗೆ ಕಂಡಿದ್ದು ಹೇಗೆ? ಅದು ಅಲ್ಲಿದೆ ಅಂತ ಗೊತ್ತಿದ್ದದ್ದು ಸಿಗರೇಟು ಹಚ್ಚಿ ಅಲ್ಲಿ ಇಟ್ಟೋರಿಗೆ ಮಾತ್ರ. ಚಿಲಕ ಹಾಕಿದ್ದೂ ನೀವೇ, ಅದನ್ನ ಮುಚ್ಚೋಕೇ ಅವಳ ಮೇಲೆ ಹೊರಿಸಿದ್ರಿ."

ಅವನು ಕರವಸ್ತ್ರವನ್ನು ಮುಷ್ಟಿಯಲ್ಲಿ ಮುದುರಿದ. "ಚಿಕ್ಕವಳು ಫೋಮ್ ಕತ್ತರಿಸಿ ಹಾಳು ಮಾಡಿದ್ಲು. ಹೆದರಿಸೋಣ ಅಂತ ಸ್ವಲ್ಪ ಹೊತ್ತು ಕೂಡಿ ಹಾಕಿದೆ. ಪೊಟ್ಟಣ ಒಳಗಿರೋದು ಮರೆತೇಬಿಟ್ಟೆ. ಕತ್ತಲು ಅಂತ ಕಡ್ಡಿ ಗೀರಿರ್ಬೇಕು."

ತಮ್ಮನ ಮೇಲೆ ಬೀಳುತ್ತಾನೆಂದು ನಾನು ತಂದೆಯ ತೋಳು ಹಿಡಿದುಕೊಂಡೆ. ಆತ ತಮ್ಮನನ್ನು ನೋಡಲೂ ಇಲ್ಲ. ಬಿಡಿಸಿಕೊಂಡು ಗಾಜಿನ ಬಳಿ ಹೋಗಿ ನಿಂತ.

"ಬೆಳಿಗ್ಗೆ, ಮಾತಾಡು ಅಂತ ಅವಳ ಕೆನ್ನೆಗೆ ಹೊಡೆದೆ ಮೇಡಂ," ಎಂದ. "ಬಾಯಿ ತೆಗೆದಳು. ಬರೀ ಉಸಿರು ಬಂತು. ಹಠ ಅಂದ್ಕೊಂಡು ಇನ್ನೊಂದು ಹೊಡೆದೆ."